ಬೊಲ್ಲಾರಂನಲ್ಲಿದ್ದ ರಾಯಭಾರಿ



ಬೊಲ್ಲಾರಂನ ರಾಷ್ಟ್ರಪತಿ ನಿಲಯವನ್ನು ನಿಮ್ಮಲ್ಲಿ ಹಲವರು ನೋಡಿಬಂದಿರುತ್ತೀರಿ. ಅದೇ ಬೊಲ್ಲಾರಂನಲ್ಲಿ, ಭಾರತೀಯ ಸೈನ್ಯಕ್ಕೆ ಸೇರಿದ ಒಂದು ಮನೆಯಲ್ಲಿ, 1948ರಲ್ಲಿ ಒಬ್ಬ ರಾಯಭಾರಿ ವಾಸವಾಗಿದ್ದರು. ಹೈದರಾಬಾದಿನಲ್ಲಿ ಭಾರತದ ರಾಯಭಾರಿ! "ಹೈದರಾಬಾದೇನು ಪರದೇಶವೇ?" ಎಂದು ನೀವು ನಗಬಹುದು. ಆದರೆ ಆ ಒಂದು ವರ್ಷದ ಮಟ್ಟಿಗೆ ಅದು ಹೆಚ್ಚುಕಡಿಮೆ ಹಾಗೆಯೇ ಇತ್ತು.

1947ರ ಆಗಸ್ಟ್ 15ರಂದು ದೇಶವೆಲ್ಲ ಧ್ವಜ ಹಾರಿಸಿದಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತದೊಡನೆ ಸೇರಲಿಲ್ಲ. ನವೆಂಬರ್ 29ರಂದು ಎರಡೂ ಸರ್ಕಾರಗಳ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಅದರಂತೆ ಪರಸ್ಪರ ಪ್ರತಿನಿಧಿಗಳನ್ನು ಕಳುಹಿಸಬೇಕು. ಹೈದರಾಬಾದಿನಿಂದ ನವಾಬ್ ಜೈನ್ ಯಾರ್ ಜಂಗ್ ದೆಹಲಿಗೆ ಹೋದರು. ದೆಹಲಿಯಿಂದ ಇಲ್ಲಿಗೆ ಏಜೆಂಟ್ ಜನರಲ್ ಎಂಬ ಹುದ್ದೆಯ ಮೇಲೆ ಬಂದವರು ಕನ್ಹಯ್ಯಾಲಾಲ್ ಮಾಣೆಕ್‌ಲಾಲ್ ಮುನ್ಷಿ. ಭಾರತೀಯ ವಿದ್ಯಾಭವನವನ್ನು 1938ರಲ್ಲಿ ಸ್ಥಾಪಿಸಿದ ಮುನ್ಷಿ ಇವರೇ. ಗುಜರಾತಿ ಕಾದಂಬರಿಕಾರರು, ಮುಂಬಯಿಯ ದೊಡ್ಡ ವಕೀಲರು.

ಬಂದ ನೆಂಟನಿಗೆ ಮೊದಲು ಕೂಡಲು ಮಣೆ ಕೊಡುವುದು ನಮ್ಮ ಪದ್ಧತಿ. ಮುನ್ಷಿಯವರಿಗೆ ಮನೆ ಸಿಗುವುದೇ ಕಷ್ಟವಾಯಿತು. ಹಿಂದೆ ಬ್ರಿಟಿಷ್ ರೆಸಿಡೆಂಟರು ಕೋಠಿಯ ಅರಮನೆಯಂಥ ರೆಸಿಡೆನ್ಸಿಯಲ್ಲಿ ಮೆರೆದಿದ್ದರು. ಸ್ವತಂತ್ರ ಭಾರತದ ಪ್ರತಿನಿಧಿಗೆ ಅಂಥ ಸ್ಥಾನ ಕೊಡಲು ನಿಜಾಮ ಸರ್ಕಾರ ಸಿದ್ಧವಿರಲಿಲ್ಲ. ಈತ ವ್ಯಾಪಾರ ವ್ಯವಹಾರ ನೋಡಿಕೊಳ್ಳುವ ಪ್ರತಿನಿಧಿ ಮಾತ್ರ ಎಂಬುದು ಅವರ ವಾದ. ಕೊನೆಗೆ ಬೊಲ್ಲಾರಂನ ಸೈನ್ಯದ ಮನೆಯೇ ಗತಿಯಾಯಿತು.

ರಾಯಭಾರಿಯ ಕೆಲಸವೆಂದರೆ ಔತಣಕೂಟ, ಹಾರತುರಾಯಿ ಎಂದು ನಾವು ಭಾವಿಸುತ್ತೇವೆ. ಮುನ್ಷಿಯವರ ಕೆಲಸ ಬೇರೆ ತೆರನಾದದ್ದು. ಪ್ರಧಾನಿ ಲಾಯಕ್ ಅಲಿಯವರೊಡನೆ ಮಾತುಕತೆ, ದೆಹಲಿಗೆ ವರದಿ, ಕದ ತಟ್ಟಿ ಬಂದವರ ದೂರು ಕೇಳುವುದು. ಖಾಸಿಂ ರಜ್ವಿಯ ರಜಾಕಾರರ ಹಾವಳಿ ಆಗ ಹಳ್ಳಿಹಳ್ಳಿಗೂ ಹಬ್ಬಿತ್ತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಹತ್ಯಾಕಾಂಡವೇ ನಡೆಯಿತು. ಸಂಸ್ಥಾನದ 16 ಜಿಲ್ಲೆಗಳಲ್ಲಿ ಗುಲಬರ್ಗಾ, ರಾಯಚೂರು, ಬೀದರ್ ಈ ಮೂರು ಕನ್ನಡದವು. ಅಲ್ಲಿಂದ ಎಷ್ಟೋ ಸಂಸಾರಗಳು ಗಡಿ ದಾಟಿದವು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಬಂದಾಗ ಮುನ್ಷಿಯವರನ್ನು ಅವರ ಮನೆಯಲ್ಲಿಯೇ ಕಾವಲಿನಲ್ಲಿಟ್ಟರು. 17ರಂದು ಲಾಯಕ್ ಅಲಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ನಿಜಾಮರು ಕರೆಕಳುಹಿಸಿದ್ದು ಅದೇ ಮುನ್ಷಿಯವರನ್ನು! ಅಂದು ಸಂಜೆ ನಿಜಾಮರೂ ಮುನ್ಷಿಯವರೂ ಹೈದರಾಬಾದ್ ರೇಡಿಯೋದಲ್ಲಿ ಮಾತನಾಡಿದರು. ಮರುದಿನ ಮೇಜರ್ ಜನರಲ್ ಚೌಧರಿಯವರ ಸೈನಿಕ ಆಡಳಿತ ಬಂತು. ರಾಯಭಾರಿಯ ಕೆಲಸ ಮುಗಿಯಿತು.

ಈ ಒಂಬತ್ತು ತಿಂಗಳ ನೆನಪುಗಳನ್ನು ಮುನ್ಷಿಯವರು 'ದಿ ಎಂಡ್ ಆಫ್ ಆನ್ ಎರಾ' ಎಂಬ ಪುಸ್ತಕವಾಗಿ 1957ರಲ್ಲಿ ಪ್ರಕಟಿಸಿದರು. ನಿಮಗೆ ಇಂಗ್ಲಿಷ್ ನಮಗಿಂತ ಸಲೀಸು, ತಪ್ಪದೆ ಓದಿ. ಆದರೆ ಅದೊಂದನ್ನೇ ಓದಿ ನಿಲ್ಲಿಸಬೇಡಿ. ರಾಯಭಾರಿ ಎಷ್ಟೇ ದೊಡ್ಡವನಾದರೂ ತನ್ನನ್ನು ಕಳುಹಿಸಿದವರ ಪರವಾಗಿಯೇ ನೋಡುತ್ತಾನೆ. ಅದು ಅವನ ಧರ್ಮ. ಎದುರು ಕುಳಿತಿದ್ದ ಲಾಯಕ್ ಅಲಿಯವರು ಗೃಹಬಂಧನದಿಂದ ತಪ್ಪಿಸಿಕೊಂಡು 1950ರಲ್ಲಿ ಪಾಕಿಸ್ತಾನ ಸೇರಿದರು. ಅವರೂ 'ಟ್ರಾಜೆಡಿ ಆಫ್ ಹೈದರಾಬಾದ್' ಎಂಬ ಪುಸ್ತಕ ಬರೆದರು; ಅದು ಪ್ರಕಟವಾದದ್ದು 1962ರಲ್ಲಿ. ಒಬ್ಬರಿಗೆ ಬಿಡುಗಡೆಯಾಗಿ ಕಂಡದ್ದು ಇನ್ನೊಬ್ಬರಿಗೆ ದುರಂತ.

ಇಬ್ಬರ ನಡುವೆ ಮೂರನೆಯದೊಂದು ಮಾತಿದೆ. ಸೈನ್ಯ ಬಂದ ಮೇಲೆ ಹಳ್ಳಿಗಳಲ್ಲಿ ಸೇಡಿನ ಕಿಚ್ಚು ಎದ್ದಿತು. ಈ ಬಾರಿ ಸತ್ತವರು ಮುಸಲ್ಮಾನರು. ನೆಹರೂ ಅವರು ಕಳುಹಿಸಿದ ಪಂಡಿತ್ ಸುಂದರಲಾಲ್ ತಂಡ ಆ ವರ್ಷದ ಕೊನೆಯಲ್ಲಿ ಊರೂರು ತಿರುಗಿ, ಸಾವು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರ್ ಎರಡೂ ಇದ್ದವು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಅದೇ ವರದಿಯಲ್ಲಿ ಮತ್ತೊಂದು ಸಂಗತಿಯೂ ಉಂಟು: ಮುಸಲ್ಮಾನ ನೇಕಾರರನ್ನು ಹಿಂದೂ ನೇಕಾರರು ತಾವೇ ಅಡ್ಡ ನಿಂತು ಕಾಪಾಡಿದ್ದರು. ಒಂದೇ ಕಸುಬಿನ ನಂಟು ಅಂಥದು.

ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆ? ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಈ ನಗರದಲ್ಲಿ ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಆ ದಿನವನ್ನು ಆಚರಿಸುತ್ತಾರೆ. ಕಲಬುರಗಿಯಲ್ಲಿ 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. ಭಾಷಣ ಕೇಳುತ್ತೀರಿ, ಫೋನಿನಲ್ಲಿ ಬಂದ ಸಂದೇಶವನ್ನು ಹತ್ತು ಜನಕ್ಕೆ ಕಳುಹಿಸುತ್ತೀರಿ. ಕಳುಹಿಸುವ ಮುನ್ನ ಒಂದು ಗಳಿಗೆ ಯೋಚಿಸಿ: ಇದು ಯಾರ ಕಿಟಕಿಯಿಂದ ಕಂಡ ನೋಟ?

ಮುನ್ಷಿಯವರು ಒಂಬತ್ತು ತಿಂಗಳಿದ್ದು ಹೊರಟರು. ನಮ್ಮವರು ಹೋಗಲಿಲ್ಲ. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಕಾಚಿಗುಡ, ಬಡೀ ಚೌಡಿಯ ಓಣಿಗಳಲ್ಲಿ ಕನ್ನಡ ಮನೆಗಳು ಉಳಿದವು. ಉರ್ದುವಿನಲ್ಲಿ ಓದಿ, ತೆಲುಗಿನಲ್ಲಿ ಸಂತೆ ಮಾಡಿ, ಅಡುಗೆಮನೆಯಲ್ಲಿ ಕನ್ನಡ ಆಡಿದವರು ಅವರು. ಯಾವ ಸರ್ಕಾರಕ್ಕೂ ವರದಿ ಕಳುಹಿಸಬೇಕಾಗಿರಲಿಲ್ಲವಾದ್ದರಿಂದ ತಾವು ಕಂಡದ್ದನ್ನು ಬರೆದಿಡಲೂ ಇಲ್ಲ.

1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಈ ಭಾನುವಾರ ಅಂಥ ಅಜ್ಜಿಯೋ ತಾತನೋ ಮನೆಯಲ್ಲಿದ್ದರೆ ಹತ್ತಿರ ಕುಳಿತು ಮೂರು ಪ್ರಶ್ನೆ ಕೇಳಿ. ಆ ಮಳೆಗಾಲದಲ್ಲಿ ನೀವು ಎಲ್ಲಿದ್ದಿರಿ? ನಿಮಗೆ ಆಸರೆ ಕೊಟ್ಟವರು ಯಾರು? ನೀವು ಯಾರಿಗೆ ಕದ ತೆರೆದಿರಿ? ಕೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ. ಒತ್ತಕ್ಷರ ತಪ್ಪಿದರೆ ತಿದ್ದಲು ನಾವಿದ್ದೇವೆ. ನೆನಪು ಹೋದರೆ ತಂದುಕೊಡುವವರು ಯಾರೂ ಇಲ್ಲ.