ಕಾರಿನಲ್ಲಿ ಮೊಬೈಲ್ ಚಾರ್ಜಿಂಗ್: ವರ್ತಕರು ಗಮನಿಸಬೇಕಾದ ಒಂದು ಸಣ್ಣ ಬಾಬತ್ತು

ಹೊಳಲ್ಕೆರೆಯ ಅಡಿಕೆ ವರ್ತಕರೊಬ್ಬರು ಕಳೆದ ಸುಗ್ಗಿಯಲ್ಲಿ ನಮ್ಮ ಕಚೇರಿಗೆ ಬಂದಾಗ ಹೇಳಿದ ಸಂಗತಿ ಇದು. ಅಂದು ಅವರು ಹೊಸದುರ್ಗದಲ್ಲಿ ಬಾಕಿ ವಸೂಲಿ ಮುಗಿಸಿಕೊಂಡು ಕಾರಿನಲ್ಲಿ ಊರಿಗೆ ಮರಳುತ್ತಿದ್ದರು. ಇತ್ತ ಅಂಗಡಿಯ ಮುಂದೆ ಸುಮಾರು 20 ಲಕ್ಷ ರೂಪಾಯಿ ಮೌಲ್ಯದ ಅಡಿಕೆ ತುಂಬಿದ ಲಾರಿ ಹೊರಡಲು ಸಿದ್ಧವಾಗಿ ನಿಂತಿತ್ತು. ಗುಮಾಸ್ತರು ಇ-ವೇ ಬಿಲ್ ಪೋರ್ಟಲನ್ನು ತೆರೆದರು. ಒಟಿಪಿ ಹೋದದ್ದು ಮಾಲೀಕರ ಮೊಬೈಲಿಗೆ. ಆ ಮೊಬೈಲಾದರೋ ಕಾರಿನ ಯುಎಸ್‌ಬಿ ಕಿಂಡಿಗೆ ಜೋಡಿಸಿದ್ದ ಸ್ಥಿತಿಯಲ್ಲಿಯೇ ಆರಿಹೋಗಿತ್ತು. ಮಾಲೀಕರು ಊರು ತಲುಪುವವರೆಗೆ ಲಾರಿ ಕದಲಲಿಲ್ಲ. ಬಿಲ್ ಆಮೇಲೆ ಕಳುಹಿಸಿ, ನಾನು ಹೊರಡುತ್ತೇನೆ ಎಂದು ಚಾಲಕನು ಹಟ ಹಿಡಿದಿದ್ದನಂತೆ. ಗುಮಾಸ್ತರು ಬಿಡದಿದ್ದುದು ಪುಣ್ಯ.

ಏಕೆಂದರೆ 50,000 ರೂಪಾಯಿಗೆ ಮೀರಿದ ಸರಕು ಇ-ವೇ ಬಿಲ್ ಇಲ್ಲದೆ ಸಾಗುವಾಗ ತಡೆಹಿಡಿಯಲ್ಪಟ್ಟರೆ, ಮಾಲೀಕರೇ ಮುಂದೆ ಬಂದರೂ ತೆರಿಗೆಯ 200 ಪ್ರತಿಶತ ದಂಡವನ್ನು ತೆರಬೇಕಾಗುತ್ತದೆ. ಜಿಎಸ್‌ಟಿ ಕಾಯ್ದೆಯ ಕಲಂ 129ಕ್ಕೆ ಆದ ಈ ತಿದ್ದುಪಡಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅಡಿಕೆಗೆ ತೆರಿಗೆ 5 ಪ್ರತಿಶತ. 20 ಲಕ್ಷಕ್ಕೆ ತೆರಿಗೆ ಒಂದು ಲಕ್ಷ, ದಂಡ ಎರಡು ಲಕ್ಷ. ಒಂದು ಮೊಬೈಲಿನ ಬ್ಯಾಟರಿ ಬರಿದಾದುದರಿಂದ ಇಷ್ಟು ದೊಡ್ಡ ಹೊಣೆ ಬರಬಹುದೆಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದಾರೆ?

2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂದಾಗ ಗುಪ್ತಪದವೊಂದಿದ್ದರೆ ಸಾಕಾಗಿತ್ತು. 2025ರ ಏಪ್ರಿಲ್ 1ರಿಂದ ವಹಿವಾಟಿನ ಗಾತ್ರ ಎಷ್ಟೇ ಇರಲಿ, ಎಲ್ಲ ತೆರಿಗೆದಾರರಿಗೂ ಪೋರ್ಟಲ್ ಪ್ರವೇಶಕ್ಕೆ ಒಟಿಪಿ ಕಡ್ಡಾಯವಾಗಿದೆ. ಬ್ಯಾಂಕಿನ ವ್ಯವಹಾರಕ್ಕೂ ಒಟಿಪಿ ಬೇಕು; ಪರವಾನಗಿ ಮತ್ತು ವಾಹನದ ನೋಂದಣಿ ಪತ್ರಗಳನ್ನೂ ಅನೇಕರು ಮೊಬೈಲಿನಲ್ಲಿಯೇ ಇರಿಸಿಕೊಂಡಿದ್ದಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಡುವೆ ದಿನವಿಡೀ ಓಡಾಡುವ ವರ್ತಕರಿಗೆ ಅಂಗಡಿಯ ಗಲ್ಲಾಪೆಟ್ಟಿಗೆ ಈಗ ಜೇಬಿನಲ್ಲಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಚಾರ್ಜರಿಗೆ ಜೋಡಿಸಿದ್ದರೂ ಮೊಬೈಲ್ ಆರಿದ್ದೇಕೆ? ಇದು ಶುದ್ಧ ಜಮಾ-ಖರ್ಚಿನ ಪ್ರಶ್ನೆ. ಹಳೆಯ ಕಾರುಗಳ ಮ್ಯೂಸಿಕ್ ಸಿಸ್ಟಮಿನಲ್ಲಿರುವ ಯುಎಸ್‌ಬಿ ಕಿಂಡಿ ಪೆನ್‌ಡ್ರೈವಿನಿಂದ ಹಾಡು ಕೇಳಲೆಂದು ಮಾಡಿದ್ದು. ಅದು ಸಾಮಾನ್ಯವಾಗಿ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ 2.5 ವ್ಯಾಟ್ ಮಾತ್ರ ಕೊಡುತ್ತದೆ. ಪರದೆ ಬೆಳಗುತ್ತ ನಕ್ಷೆ ತೋರಿಸುತ್ತಿರುವ ಮೊಬೈಲಿನ ಖರ್ಚು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗುಡ್ಡಗಳ ನಡುವೆ ಸಿಗ್ನಲ್ ಕುಂದಿದಾಗ ಟವರನ್ನು ಮುಟ್ಟಲು ಮೊಬೈಲ್ ಇನ್ನಷ್ಟು ಶಕ್ತಿಯನ್ನು ವ್ಯಯಿಸುತ್ತದೆ. ಜಮೆಗಿಂತ ಖರ್ಚು ಹೆಚ್ಚಾದರೆ ಶಿಲ್ಕು ಉಳಿಯುವುದೆಲ್ಲಿ? ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ಗಿರ್ರನೆ ತಿರುಗುತ್ತ ವಿದ್ಯುತ್ ತಯಾರಿಸುತ್ತಿರುವಾಗ ಅದೇ ದಾರಿಯಲ್ಲಿ ನಮ್ಮ ಮೊಬೈಲ್ ಬರಿದಾಗುವುದು ವಿಪರ್ಯಾಸವೇ ಸರಿ!

5000 ಎಂಎಎಚ್ ಬ್ಯಾಟರಿಯಲ್ಲಿ ತುಂಬುವ ಶಕ್ತಿ ಸುಮಾರು 19 ವ್ಯಾಟ್-ಗಂಟೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ 12 ವ್ಯಾಟಿನ ಚಾರ್ಜರಾದರೆ, ಮೊಬೈಲನ್ನು ಬಳಸದೆ ಇಟ್ಟಲ್ಲಿ, ಹಿರಿಯೂರಿನಿಂದ ಚಿತ್ರದುರ್ಗ ತಲುಪುವ ಸುಮಾರು 40 ನಿಮಿಷಗಳಲ್ಲಿ ನಷ್ಟ ಕಳೆದು ಮೂರನೆಯ ಒಂದು ಭಾಗ ತುಂಬೀತು. 20 ವ್ಯಾಟಿನದಾದರೆ ಅರ್ಧದಷ್ಟು ನಿರೀಕ್ಷಿಸಬಹುದು. ಆದರೆ ಚಾರ್ಜರ್, ಕೇಬಲ್, ಮೊಬೈಲ್ ಮೂರೂ ಆ ವೇಗಕ್ಕೆ ಹೊಂದಬೇಕು. ಬಹಳ ಸಲ ಕೊರತೆ ಇರುವುದು ಅಗ್ಗದ ಕೇಬಲಿನಲ್ಲಿ.

ಮೊಬೈಲ್ ಚಾರ್ಜ್ ಮಾಡಿದರೆ ಕಾರಿನ ಬ್ಯಾಟರಿ ಇಳಿಯುತ್ತದೆಂಬ ಭಯ ಹಲವರಲ್ಲಿದೆ. 12 ವೋಲ್ಟ್, 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 420 ವ್ಯಾಟ್-ಗಂಟೆ ಇರುತ್ತದೆ. ಮೊಬೈಲ್ ಕೇಳುವುದು ಅದರಲ್ಲಿ ಇಪ್ಪತ್ತನೆಯ ಒಂದು ಪಾಲು. ಎಂಜಿನ್ ಓಡುತ್ತಿರುವಾಗ ಅದೂ ಲೆಕ್ಕಕ್ಕಿಲ್ಲ. ಗಮನಿಸಬೇಕಾದುದು ಬೇರೆ. ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಕುಸಿದು ಏರುತ್ತದೆ. ಕಳಪೆ ಚಾರ್ಜರುಗಳು ಈ ಏರಿಳಿತವನ್ನು ತಡೆಯಲಾರವು. ಆದುದರಿಂದ ಮೊದಲು ಎಂಜಿನ್, ಅನಂತರ ಚಾರ್ಜರ್. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುವುದರಿಂದ ಚಾಲಕರಿಗೆ ಕೊಡಿಸುವ ಚಾರ್ಜರಿನ ಮೇಲೆ 12-24 ವೋಲ್ಟ್ ಎಂದು ನಮೂದಾಗಿದೆಯೇ ಎಂಬುದನ್ನು ನೋಡಿಯೇ ಕೊಳ್ಳಬೇಕು.

ಇನ್ನು ಬಿಸಿಲು. ಏಪ್ರಿಲ್ ತಿಂಗಳ ಮಧ್ಯಾಹ್ನ ಹಿರಿಯೂರಿನಲ್ಲಿ ಮುಂಗಾಜಿನ ಕೆಳಗೆ ಮೊಬೈಲಿಟ್ಟು ಚಾರ್ಜ್ ಮಾಡುವುದೆಂದರೆ ಹಣ ಕೊಟ್ಟು ಬ್ಯಾಟರಿಯನ್ನು ಹಾಳುಮಾಡಿಕೊಂಡಂತೆ. ಲೀಥಿಯಂ ಬ್ಯಾಟರಿಗೆ ಉಷ್ಣವೇ ಶತ್ರು. ಕಾದ ಮೊಬೈಲ್ ತಾನಾಗಿಯೇ ಚಾರ್ಜಿಂಗನ್ನು ನಿಧಾನಗೊಳಿಸುತ್ತದೆ ಅಥವಾ ನಿಲ್ಲಿಸುತ್ತದೆ. ಎಸಿ ಗಾಳಿ ಬರುವ ಕಿಂಡಿಯ ಬಳಿ ಇಡುವುದು ಲೇಸು. ನಿಲ್ಲಿಸಿದ ಕಾರಿನಲ್ಲಿ ಪವರ್ ಬ್ಯಾಂಕನ್ನು ಬಿಟ್ಟು ಹೋಗಲೇಬಾರದು.

ಖರೀದಿಯ ವಿಷಯ. ರಸ್ತೆ ಬದಿಯ ನೂರು ರೂಪಾಯಿಯ ಚಾರ್ಜರಿಗೆ ಬಿಲ್ಲೂ ಇಲ್ಲ, ಹೊಣೆಗಾರರೂ ಇಲ್ಲ. ನೋಂದಾಯಿತ ಅಂಗಡಿಯಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಬರೆಸಿ ಬಿಲ್ ಪಡೆಯುವುದು ಒಳ್ಳೆಯದು. ಪವರ್ ಬ್ಯಾಂಕಾದರೆ ಬಿಐಎಸ್ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಪರಿಶೀಲಿಸಿಕೊಳ್ಳಬಹುದು. ಕಾರಿನ ಮೇಲಿನ ಹೂಡುವಳಿ ತೆರಿಗೆ ಕಲಂ 17(5)ರಡಿ ಸಾಮಾನ್ಯವಾಗಿ ದೊರೆಯುವುದಿಲ್ಲವೆಂಬುದು ಸದಸ್ಯರಿಗೆ ತಿಳಿದೇ ಇದೆ. ಆದರೆ ಪ್ರತ್ಯೇಕವಾಗಿ ಕೊಂಡ ಚಾರ್ಜರ್ ಮೋಟಾರು ವಾಹನವಲ್ಲ. ವ್ಯಾಪಾರದ ಮೊಬೈಲಿಗಾಗಿ ಬಳಸಿದಲ್ಲಿ ಅದರ ತೆರಿಗೆಯನ್ನು ಪಡೆಯಬಹುದೆಂದು ನನ್ನ ಅಭಿಪ್ರಾಯ. 800 ರೂಪಾಯಿಯ ಚಾರ್ಜರಿನಲ್ಲಿ 18 ಪ್ರತಿಶತದಂತೆ ಸುಮಾರು 122 ರೂಪಾಯಿ ತೆರಿಗೆ ಅಡಗಿರುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಚಾರ್ಜರ್ ಎಷ್ಟೇ ಒಳ್ಳೆಯದಿದ್ದರೂ ಇಡೀ ವ್ಯವಹಾರವನ್ನು ಒಂದೇ ಮೊಬೈಲಿಗೆ ಕಟ್ಟಿಹಾಕುವುದು ಉಚಿತವಲ್ಲ. ಇ-ವೇ ಬಿಲ್ ಪೋರ್ಟಲಿನಲ್ಲಿ ಗುಮಾಸ್ತರನ್ನು ಉಪಬಳಕೆದಾರರನ್ನಾಗಿ ಸೇರಿಸಿದರೆ ಒಟಿಪಿ ಅವರ ಮೊಬೈಲಿಗೇ ಬರುತ್ತದೆ, ಯಾವ ಬಿಲ್ ಯಾರು ತಯಾರಿಸಿದರೆಂಬ ದಾಖಲೆಯೂ ಉಳಿಯುತ್ತದೆ. ಮಾಲೀಕರ ಗುಪ್ತಪದವನ್ನೇ ಗುಮಾಸ್ತರಿಗೆ ಕೊಟ್ಟಿಡುವ ನಮ್ಮ ಊರುಗಳ ರೂಢಿಗಿಂತ ಇದು ಎಷ್ಟೋ ಮೇಲು. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ.

ಹೊಳಲ್ಕೆರೆಯ ವರ್ತಕರು ಈಗ ಗುಮಾಸ್ತರನ್ನೂ ಸೇರಿಸಿದ್ದಾರೆ, ಹೊಸ ಚಾರ್ಜರನ್ನೂ ಕೊಂಡಿದ್ದಾರೆ. ಚಾರ್ಜರಿನ ಬಿಲ್ಲನ್ನು ಮಾತ್ರ ಇನ್ನೂ ನಮ್ಮ ಕಚೇರಿಗೆ ತಲುಪಿಸಿಲ್ಲ.