ಜೀಪಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬುದು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ಬಂದ ಮಾತು. ಗುಡಿಯ ಗೋಡೆ ಬಿರಿದಾಗ, ಕೆರೆಯ ಏರಿ ಕುಸಿದಾಗ, ತೇರಿನ ಗಾಲಿ ಸವೆದಾಗ ಊರವರು ಒಟ್ಟುಗೂಡಿ ಅದನ್ನು ಸರಿಪಡಿಸುತ್ತಾರೆ. ಗಾಲಿ ಹೊಸದಾದರೂ ತೇರು ಹಳೆಯದೇ ಎಂದು ಎಲ್ಲರೂ ಒಪ್ಪುತ್ತಾರೆ. ಈ ಮಾತು ಮೋಟಾರು ಗಾಡಿಗೂ ಸಲ್ಲುವುದೇ? ಎಷ್ಟು ಭಾಗಗಳನ್ನು ಬದಲಿಸಿದರೂ ಹಳೆಯ ಗಾಡಿ ಹಳೆಯದಾಗಿಯೇ ಉಳಿಯುವುದೇ? ನಾವು ವಾಸವಾಗಿರುವ ದೆಹಲಿಯಲ್ಲಿ ಈ ಪ್ರಶ್ನೆಗಳು ಬರಿಯ ತರ್ಕದ ಪ್ರಶ್ನೆಗಳಲ್ಲ. ಅವುಗಳಿಗೆ ಕಾನೂನಿನ ಸಂಬಂಧವೂ ಉಂಟು, ನಾವು ಉಸಿರಾಡುವ ಗಾಳಿಯ ಸಂಬಂಧವೂ ಉಂಟು.

ಅಮೆರಿಕದಲ್ಲಿ 1940 ಮತ್ತು 1950ರ ದಶಕಗಳ ಫೋರ್ಡ್, ಷೆವರ್ಲೆ ಪಿಕಪ್ ಲಾರಿಗಳನ್ನು ಹೊರರೂಪ ಕೆಡದಂತೆ ಉಳಿಸಿಕೊಂಡು, ಒಳಗೆ ಹೊಸ ಎಂಜಿನನ್ನೂ ಹೊಸ ಬ್ರೇಕುಗಳನ್ನೂ ಜೋಡಿಸುವ ಹವ್ಯಾಸ ವಿಶೇಷವಾಗಿ ಬೆಳೆದಿದೆ. ನಮ್ಮ ದೇಶದಲ್ಲಿ ಆ ಸ್ಥಾನ ದೊರೆತಿರುವುದು ಜೀಪಿಗೆ. ಜೀಪೂ ಒಂದು ಬಗೆಯ ಲಾರಿಯೇ. ಅಮೆರಿಕದ ಸೈನ್ಯದ ಕಡತಗಳಲ್ಲಿ ಅದರ ಹೆಸರು ಕಾಲು ಟನ್ನಿನ ಟ್ರಕ್ಕು ಎಂದಿತ್ತು.

ಈ ಗಾಡಿ ಹುಟ್ಟಿದ ಬಗೆಯನ್ನು ಮೊದಲು ತಿಳಿಯೋಣ. ಎರಡನೆಯ ಮಹಾಯುದ್ಧ ಯುರೋಪಿನಲ್ಲಿ ಹಬ್ಬುತ್ತಿದ್ದ 1940ರಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ಗಾಡಿಯೊಂದನ್ನು ಬಯಸಿತು. ಬ್ಯಾಂಟಮ್ ಎಂಬ ಚಿಕ್ಕ ಕಂಪನಿಯು 49 ದಿನಗಳಲ್ಲಿ ಮೊದಲ ಮಾದರಿಯನ್ನು ಸಿದ್ಧಮಾಡಿಕೊಟ್ಟಿತು. ಆ ಬಳಿಕ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಮಿಗಿಲಾದ ಜೀಪುಗಳನ್ನು ತಯಾರಿಸಿದುವು. ವಿಲ್ಲಿಸ್ ಜೀಪಿನ ಎಂಜಿನು ನಾಲ್ಕು ಸಿಲಿಂಡರಿನದು; ಅಳತೆ 2.2 ಲೀಟರು, ಬಲ 60 ಅಶ್ವಶಕ್ತಿ. ಯುದ್ಧ ಮುಗಿದ ತರುವಾಯ ಅಂತಹ ಗಾಡಿಗಳು ಬಹುಸಂಖ್ಯೆಯಲ್ಲಿ ನಮ್ಮ ದೇಶದಲ್ಲಿಯೇ ಉಳಿದುವು. ದೇಶ ಸ್ವತಂತ್ರವಾದ ಮೇಲೆ ಮಹೀಂದ್ರ ಕಂಪನಿಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸತೊಡಗಿತು. ಹೀಗೆ ಯುದ್ಧಕ್ಕಾಗಿ ಹುಟ್ಟಿದ ಗಾಡಿ ಅಮಲ್ದಾರರಿಗೂ, ಪೊಲೀಸರಿಗೂ, ಮಲೆನಾಡಿನ ಕಾಫಿ ತೋಟದವರಿಗೂ ಒದಗಿಬಂದಿತು. ಕಳಸ, ಶೃಂಗೇರಿಗಳ ಕಡೆಯಿಂದ ಬಂದ ಮನೆಗಳಲ್ಲಿ ಹಿರಿಯರನ್ನು ಕೇಳಿದರೆ ಜೀಪಿನ ಕಥೆ ಒಂದಾದರೂ ದೊರೆಯದೆ ಇರದು.

ಅಮೆರಿಕದ ಯುದ್ಧಕಾಲದ ಯಂತ್ರಕ್ಕೆ ಹೊಸ ರೂಪ ಕೊಡುವ ವಿದ್ಯೆ ದೆಹಲಿಗೆ ಹೊಸದಲ್ಲ. ದೇಶ ವಿಭಜನೆಯ ನಂತರದ ವರ್ಷಗಳಲ್ಲಿ ಇಲ್ಲಿಯ ಕುಶಲಕರ್ಮಿಗಳು ಸೈನ್ಯದವರು ಬಿಟ್ಟುಹೋದ ಹಾರ್ಲೆ-ಡೇವಿಡ್‌ಸನ್ ಮೋಟಾರು ಸೈಕಲ್ಲುಗಳ ಹಿಂದೆ ಆಸನಗಳನ್ನು ಕಟ್ಟಿ, ಜನರನ್ನು ಕೂರಿಸಿಕೊಂಡು ಹೋಗುವ ಗಾಡಿಗಳನ್ನು ಮಾಡಿದರು. ಅದರ ಸದ್ದನ್ನೇ ಹೆಸರಾಗಿಸಿ ಜನರು ಅದನ್ನು ಫಟ್‌ಫಟಿ ಎಂದು ಕರೆದರು. ಕನಾಟ್ ಪ್ಲೇಸಿಗೂ ಚಾಂದನಿ ಚೌಕಕ್ಕೂ ನಡುವೆ ದಶಕಗಳ ಕಾಲ ಓಡಿದ ಫಟ್‌ಫಟಿಗಳನ್ನು 1990ರ ದಶಕದ ಕೊನೆಯ ವೇಳೆಗೆ ಹೊಗೆಯ ಕಾರಣದಿಂದ ಬೀದಿಯಿಂದ ತೆಗೆಯಲಾಯಿತು. ಯಂತ್ರವನ್ನು ಓಡುವಂತೆ ಮಾಡಿದರಷ್ಟೇ ಸಾಲದು, ಅದು ಹೊರಗೆ ಬಿಡುವುದೇನೆಂಬುದನ್ನೂ ನೋಡಬೇಕೆಂಬ ಪಾಠವನ್ನು ಈ ಊರು ಅಂದೇ ಕಲಿಯಿತು.

ಪಶ್ಚಿಮ ದೆಹಲಿಯ ಮಾಯಾಪುರಿ ಹಳೆಯ ಮೋಟಾರು ಭಾಗಗಳ ಪೇಟೆಯೆಂದು ಹೆಸರಾದ ಸ್ಥಳ. ಸೈನ್ಯವು ಹರಾಜಿನಲ್ಲಿ ಮಾರಿದ ಜೀಪುಗಳೂ ಅವುಗಳ ಭಾಗಗಳೂ ಇಂತಹ ಪೇಟೆಗಳಿಗೆ ಬಂದು ಸೇರುತ್ತಿದ್ದುವು. ಪಂಜಾಬು ಹರಿಯಾಣಗಳ ಗಡಿಯಲ್ಲಿರುವ ಮಂಡಿ ಡಬ್‌ವಾಲಿಯೂ ಜೀಪುಗಳನ್ನು ಹೊಸದಾಗಿ ಕಟ್ಟಿಕೊಡುವುದಕ್ಕೆ ಪ್ರಸಿದ್ಧ. ಅಲ್ಲಿ ಒಬ್ಬನು ಗಾಡಿಯನ್ನು ಸರಿಪಡಿಸಲು ಹೊರಟರೆ ಅವನ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡುವುದು. ಇನ್ನೊಂದು, ರೂಪವನ್ನು ಮಾತ್ರ ಹಾಗೆಯೇ ಇಟ್ಟು ಒಳಗಿನದನ್ನು ಇಂದಿನ ಕಾಲಕ್ಕೆ ಹೊಂದಿಸುವುದು. ಎರಡನೆಯ ದಾರಿಯಲ್ಲಿ ಬದಲಾಗುವ ಮುಖ್ಯ ಅಂಗಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಬ್ರೇಕು. ಹಳೆಯ ಜೀಪಿನ ಗಾಲಿಗಳಲ್ಲಿ ಡ್ರಮ್ ಬ್ರೇಕುಗಳಿದ್ದುವು. ಮುಚ್ಚಿದ ಡಬ್ಬಿಯಂತಹ ಡ್ರಮ್ಮಿನೊಳಗೆ ಎರಡು ಕಮಾನುಗಳು ಅಗಲಿ ಒಳಗೋಡೆಯನ್ನು ಒತ್ತುತ್ತವೆ. ಉದ್ದವಾದ ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದಾಗ ಒಳಗೆ ಕಾವು ಸೇರಿ ಹಿಡಿತ ಸಡಿಲವಾಗುತ್ತದೆ. ಡಿಸ್ಕ್ ಬ್ರೇಕಿನಲ್ಲಿ ತಟ್ಟೆಯು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ಇದಲ್ಲದೆ, ಹಳೆಯ ಜೀಪಿನಲ್ಲಿ ನಾಲ್ಕು ಗಾಲಿಗಳಿಗೂ ಬ್ರೇಕಿನ ಎಣ್ಣೆ ಒಂದೇ ಮಾರ್ಗದಿಂದ ಹೋಗುತ್ತಿತ್ತು. ಎಲ್ಲಿಯಾದರೂ ಕೊಳವೆ ಒಡೆದರೆ ನಾಲ್ಕೂ ಬ್ರೇಕುಗಳು ಕೆಟ್ಟಂತೆಯೇ. ಈಗಿನ ಏರ್ಪಾಡಿನಲ್ಲಿ ಎರಡು ಬೇರೆ ಬೇರೆ ಮಾರ್ಗಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಗಾಡಿಯನ್ನು ನಿಲ್ಲಿಸುತ್ತದೆ.

ಎರಡನೆಯದು ವಿದ್ಯುತ್ತು. ಯುದ್ಧಕಾಲದ ಸಾಮಾನ್ಯ ಜೀಪಿನಲ್ಲಿದ್ದುದು 6 ವೋಲ್ಟಿನ ಬ್ಯಾಟರಿ. ವಿಜ್ಞಾನದ ತರಗತಿಯಲ್ಲಿ ನೀವು ಕಲಿತ ಸೂತ್ರವನ್ನು ಇಲ್ಲಿ ಹಾಕಿ ನೋಡಿರಿ. 36 ವಾಟಿನ ದೀಪಕ್ಕೆ 6 ವೋಲ್ಟಿನಲ್ಲಿ 6 ಆಂಪಿಯರ್ ಹರಿಯಬೇಕು. 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕು. ತಂತಿಯಲ್ಲಿ ಕಾವಾಗಿ ವ್ಯರ್ಥವಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದೇ ತಂತಿಯಲ್ಲಿ ನಷ್ಟವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದಕಾರಣ 12 ವೋಲ್ಟಿಗೆ ಬದಲಿಸಿದರೆ ದೀಪಗಳು ಚೆನ್ನಾಗಿ ಬೆಳಗುತ್ತವೆ, ಚಳಿಗಾಲದ ಮುಂಜಾನೆಯಲ್ಲಿಯೂ ಎಂಜಿನು ಸುಲಭವಾಗಿ ತಿರುಗುತ್ತದೆ.

ಮೂರನೆಯದು ಆಸನದ ಬೆಲ್ಟು. ಮೂರು ಕಡೆ ಬಿಗಿಯುವ ಬೆಲ್ಟು ಸ್ವೀಡನ್ನಿನ ವೋಲ್ವೋ ಕಾರುಗಳಲ್ಲಿ ಬಂದುದು 1959ರಲ್ಲಿ; ಯುದ್ಧಕಾಲದ ಜೀಪಿನಲ್ಲಿ ಅದು ಇರುವುದು ಸಾಧ್ಯವಿರಲಿಲ್ಲ. ಈಗ ಅದನ್ನು ಜೋಡಿಸುವಾಗ ತೆಳುವಾದ ತಗಡಿಗೆ ಬಿಗಿದರೆ ಪ್ರಯೋಜನವಿಲ್ಲ; ಎಳೆತವನ್ನು ತಾಳಬಲ್ಲ ಗಟ್ಟಿಯಾದ ಉಕ್ಕಿನ ಆಧಾರಕ್ಕೇ ಬಿಗಿಯಬೇಕು.

ನಾಲ್ಕನೆಯದೂ ಎಲ್ಲಕ್ಕಿಂತ ಕಠಿಣವಾದುದೂ ಎಂಜಿನು. ಪೆಟ್ರೋಲಿನ ಬೆಲೆ ಏರಿದಾಗ ನಮ್ಮ ದೇಶದಲ್ಲಿ ಅನೇಕರು ಜೀಪಿನ ಮೂಲ ಎಂಜಿನನ್ನು ತೆಗೆಸಿ ಡೀಸೆಲ್ ಎಂಜಿನನ್ನು ಹಾಕಿಸಿದರು. ಈಗ ಕೆಲವರು ಹೆಚ್ಚು ಬಲದ ಎಂಜಿನನ್ನು ಬಯಸುತ್ತಾರೆ. ಆದರೆ ಗಾಡಿಯ ವೇಗ ಎರಡರಷ್ಟಾದರೆ ಅದರ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಆ ಶಕ್ತಿಯನ್ನೆಲ್ಲ ಬ್ರೇಕುಗಳೇ ಹೀರಬೇಕು. 60 ಅಶ್ವಶಕ್ತಿಗೆಂದು ಕಟ್ಟಿದ ಚಾಸಿಯ ಮೇಲೆ ಅದರ ಎರಡರಷ್ಟು ಬಲವನ್ನು ಕೂರಿಸಿ ಹಳೆಯ ಡ್ರಮ್ ಬ್ರೇಕುಗಳನ್ನೇ ಉಳಿಸುವುದು ಅಪಾಯಕ್ಕೆ ಆಹ್ವಾನವಿತ್ತಂತೆ. ಬಲ್ಲ ಕುಶಲಕರ್ಮಿಯು ಮೊದಲು ನಿಲ್ಲಿಸುವ ಅಂಗವನ್ನು ಸರಿಮಾಡಿ, ಆಮೇಲೆ ಓಡಿಸುವ ಅಂಗಕ್ಕೆ ಕೈಹಾಕುತ್ತಾನೆ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯಂತೆ, ತಯಾರಕರು ಗೊತ್ತುಮಾಡಿದ ಲಕ್ಷಣಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಕೇಂದ್ರ ಸರ್ಕಾರವು 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಮಾಡಿತು. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿಯಿಂದ 50 ವರ್ಷ ತುಂಬಿದ್ದು, ಅದು ಮೂಲರೂಪದಲ್ಲಿಯೇ ಇದ್ದರೆ, 20,000 ರೂಪಾಯಿ ಶುಲ್ಕವಿತ್ತು ಹತ್ತು ವರ್ಷಗಳ ನೋಂದಣಿಯನ್ನು ಪಡೆಯಬಹುದು. ಚಾಸಿ, ಮೈಕಟ್ಟು, ಎಂಜಿನುಗಳಲ್ಲಿ ಮಾರ್ಪಾಡಾಗಿದ್ದರೆ ಈ ಮನ್ನಣೆಯಿಲ್ಲ. ಮನ್ನಣೆ ಪಡೆದ ಗಾಡಿಯೂ ಪ್ರದರ್ಶನ, ಸಂಶೋಧನೆ, ರ‍್ಯಾಲಿ ಮುಂತಾದುವಕ್ಕೆ ಹೊರಡಬಹುದಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಇಷ್ಟು ಕಟ್ಟುನಿಟ್ಟು ಏತಕ್ಕೆ ಎಂದು ನೀವು ಕೇಳಬಹುದು. 2016ರ ನವೆಂಬರಿನಲ್ಲಿ ಹೊಗೆಮಂಜಿನ ದೆಸೆಯಿಂದ ದೆಹಲಿಯ ಶಾಲೆಗಳನ್ನೇ ಮುಚ್ಚಬೇಕಾಯಿತು, ಅದೇ ಉತ್ತರ. ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿಗಳೂ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆಮೇಲೆಯೂ ಈ ವಿಷಯ ಮತ್ತೆ ಮತ್ತೆ ವಿಚಾರಣೆಗೆ ಬಂದಿದೆ. ಹಳೆಯ ಡೀಸೆಲ್ ಗಾಡಿಗಳಿಗೆ ಮಂಜೂರಾದ ವಿದ್ಯುತ್ ಮೋಟಾರನ್ನು ಜೋಡಿಸುವ ದಾರಿಯನ್ನು ದೆಹಲಿ ಸರ್ಕಾರವು 2021ರಲ್ಲಿ ತೆರೆಯಿತು. ಹೊಗೆಯಿಲ್ಲದ ಜೀಪು ಇನ್ನು ಕನಸಿನ ಮಾತಲ್ಲ. ಆದರೆ ಎಂಜಿನು ಬದಲಾದುದರಿಂದ ಅದನ್ನು ವಿಂಟೇಜ್ ಎನ್ನಲಾಗದು.

ಹೀಗಿರುವಾಗ ಯಾವ ದಾರಿ ಮೇಲು? ನಮಗೆ ತೋರುವಂತೆ ಎರಡಕ್ಕೂ ಸ್ಥಾನವುಂಟು, ಆದರೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ನಡೆಸಬಾರದು. ಚಾಣಕ್ಯಪುರಿಯ ರೈಲು ವಸ್ತುಸಂಗ್ರಹಾಲಯದಲ್ಲಿ 1914ರ ಜಾನ್ ಮಾರಿಸ್ ಅಗ್ನಿಶಾಮಕ ಗಾಡಿಯೊಂದಿದೆ. ಗಟ್ಟಿ ರಬ್ಬರಿನ ಗಾಲಿಗಳ ಆ ಗಾಡಿಯು ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಲ್ಲಿ ಆರಂಭಿಸಿದ ಹಳೆಯ ಕಾರುಗಳ ರ‍್ಯಾಲಿಯಲ್ಲಿ ಪಾಲ್ಗೊಂಡು ಹೆಸರಾಗಿದೆ. ಅದಕ್ಕೆ ಹೊಸ ಎಂಜಿನನ್ನು ಹಾಕಿದ್ದರೆ ನೂರು ವರ್ಷದ ಹಿಂದಿನ ಯಂತ್ರವಿದ್ಯೆಯನ್ನು ನಾವು ಎಲ್ಲಿ ನೋಡಬೇಕಾಗಿತ್ತು? ಅದು ಸಾಕ್ಷಿಯಂತೆ, ಸಾಕ್ಷಿಯ ಮಾತನ್ನು ತಿದ್ದಬಾರದು. ಆದರೆ ಮೊದಲೇ ಎಂಜಿನು ಕಳೆದುಹೋದ, ತಗಡು ಮಾತ್ರ ಉಳಿದ ಜೀಪು ಅಂತಹ ಸಾಕ್ಷಿಯಲ್ಲ. ಅದಕ್ಕೆ ಕಾನೂನು ಒಪ್ಪುವ ಹೊಸ ಯಂತ್ರವನ್ನೂ ಒಳ್ಳೆಯ ಬ್ರೇಕನ್ನೂ ಕೊಟ್ಟು ಬಾಳಿಸುವುದರಲ್ಲಿ ತಪ್ಪೇನೂ ಇಲ್ಲ. ಬದಲಿಸಿದ್ದನ್ನು ಬರೆದಿಟ್ಟು, ತೆಗೆದ ಭಾಗವನ್ನು ಗುರುತು ಮಾಡಿ ಕಾದಿರಿಸಿದರೆ ಸರಿ.

ವಿದ್ಯಾರ್ಥಿಗಳೇ, ನೀವು ರ‍್ಯಾಲಿಯನ್ನೋ ತಾವಡೂ ಬಳಿಯ ಸಾರಿಗೆ ವಸ್ತುಸಂಗ್ರಹಾಲಯವನ್ನೋ ನೋಡಲು ಹೋದಾಗ ಹೊಳೆಯುವ ಬಣ್ಣವನ್ನು ಕಂಡಷ್ಟರಿಂದಲೇ ತೃಪ್ತರಾಗಬೇಡಿರಿ. ಈ ಗಾಡಿಯಲ್ಲಿ ಮೂಲದ್ದು ಯಾವುದು, ಬದಲಿಸಿದ್ದು ಯಾವುದು, ಏತಕ್ಕಾಗಿ ಬದಲಿಸಿದರು ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ಕೆಲಸ ಬಲ್ಲವರು ಸಂತೋಷದಿಂದ ಬಾನೆಟ್ಟನ್ನು ಎತ್ತಿ ತೋರಿಸುವರು.