ಅಮ್ಮಿಯ ಕಾಲು ಸೊರಗಿದ್ದೇಕೆ?

ಖಾನಾಪುರದಲ್ಲಿರುವ ನನ್ನ ಅಮ್ಮಿ ಅಂಗಳದಲ್ಲಿ ಜಾರಿ ಬಿದ್ದು ಕಾಲಿನ ಎಲುಬು ಮುರಿದುಕೊಂಡರು. ಬೆಳಗಾವಿಗೆ ಕರೆತಂದು ಪ್ಲಾಸ್ಟರ್ ಹಾಕಿಸಿದೆವು. ಆರು ವಾರಗಳ ಬಳಿಕ ಅದನ್ನು ಬಿಚ್ಚಿದಾಗ ನಮಗೆ ಗಾಬರಿ. ಎಲುಬೇನೋ ಕೂಡಿತ್ತು, ಆದರೆ ಕಾಲು ಒಣಗಿದ ಕಡ್ಡಿಯಂತಾಗಿತ್ತು. "ಮಾಂಸವೆಲ್ಲ ಎಲ್ಲಿ ಹೋಯಿತು ಬೇಟಿ?" ಎಂದು ಅಮ್ಮಿ ಕೇಳಿದರು.

ಉತ್ತರಕ್ಕಾಗಿ ಅಡುಗೆ ಮನೆಗೇ ಹೋಗೋಣ. ಚೆನ್ನಾಗಿ ಬೆಂದ ಮಾಂಸದ ತುಂಡನ್ನು ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದಲ್ಲವೇ? ನಮ್ಮ ಸ್ನಾಯುಗಳ ರಚನೆಯೂ ಹಾಗೆಯೇ. ಎಲುಬುಗಳನ್ನು ಚಲಿಸುವಂತೆ ಮಾಡುವ ಸ್ನಾಯುಗಳು ದೇಹದಲ್ಲಿ 600ಕ್ಕೂ ಹೆಚ್ಚಿವೆ. ಕಣ್ಣಿಗೆ ಕಾಣುವ ಪ್ರತಿ ಎಳೆಯೂ ಹಲವು ನಾರುಗಳ ಕಂತೆ. ಪ್ರತಿ ನಾರಿನೊಳಗೆ ಇನ್ನೂ ಸೂಕ್ಷ್ಮವಾದ ತಂತುಗಳು. ಅವುಗಳಲ್ಲಿ ಮಯೋಸಿನ್ ಎಂಬ ದಪ್ಪ ಎಳೆಗಳೂ ಆಕ್ಟಿನ್ ಎಂಬ ತೆಳು ಎಳೆಗಳೂ ಅರ್ಧ ಹೆಣೆದ ಬೆರಳುಗಳಂತೆ ಸೇರಿಕೊಂಡಿವೆ.

ನಿಮ್ಮ ಬೆರಳುಗಳನ್ನು ಹಾಗೆ ಹೆಣೆದು ಒಳಕ್ಕೆ ತಳ್ಳಿ ನೋಡಿ. ಬೆರಳಿನ ಉದ್ದ ಅಷ್ಟೇ ಇದೆ, ಕೈಗಳು ಮಾತ್ರ ಹತ್ತಿರ ಬಂದವು. ಸ್ನಾಯು ಸಂಕುಚಿಸುವುದೂ ಹೀಗೆಯೇ. ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಇದನ್ನು 1954ರಲ್ಲಿ ವಿಜ್ಞಾನಿಗಳ ಎರಡು ತಂಡಗಳು ಏಕಕಾಲದಲ್ಲಿ ಪ್ರಕಟಿಸಿದವು.

ಮೆದುಳಿನ ಆದೇಶ ನರದ ಮೂಲಕ ತಲುಪಿದೊಡನೆ ನಾರಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಆಗ ಆಕ್ಟಿನ್ ಮೇಲೆ ಮುಚ್ಚಿದ್ದ ಜಾಗಗಳು ತೆರೆದುಕೊಳ್ಳುತ್ತವೆ. ಮಯೋಸಿನ್‌ನ ಪುಟ್ಟ ತಲೆಗಳು ಅಲ್ಲಿ ಹಿಡಿದು ಎಳೆಯುತ್ತವೆ, ಬಿಡುತ್ತವೆ, ಮತ್ತೆ ಮುಂದಕ್ಕೆ ಹಿಡಿಯುತ್ತವೆ. ಬಾವಿಯಿಂದ ನೀರು ಸೇದುವಾಗ ನಮ್ಮ ಕೈಗಳು ಹಗ್ಗ ಹಿಡಿಯುವುದಿಲ್ಲವೇ, ಹಾಗೆ. ಅಚ್ಚರಿಯೆಂದರೆ, ಹಿಡಿತ ಬಿಡುವುದಕ್ಕೂ ಶಕ್ತಿ ಕೊಡುವ ಎಟಿಪಿ ಎಂಬ ಅಣು ಬೇಕು. ಮರಣದ ನಂತರ ಅದರ ದಾಸ್ತಾನು ಮುಗಿಯುತ್ತದೆ, ಹಿಡಿತ ಬಿಡುವುದಿಲ್ಲ, ದೇಹ ಸೆಟೆದುಕೊಳ್ಳುತ್ತದೆ. ಮಯ್ಯಿತ್‌ನ ಕೈಕಾಲುಗಳನ್ನು ಬೇಗನೆ ಸಡಿಲಿಸಬೇಕೆಂದು ಹಿರಿಯರು ಹೇಳುವುದನ್ನು ಗುಸ್ಲ್ ಮಾಡಿಸುವ ಸಹೋದರಿಯರು ಬಲ್ಲರು. ಅದರ ಹಿಂದಿರುವ ಕಾರಣ ಇದೇ.

ದುಡಿಸಿದರೆ ನಾರುಗಳು ದಪ್ಪವಾಗುತ್ತವೆ. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ಕುಸ್ತಿಗಿಳಿಯುವ ಪೈಲ್ವಾನರ ತೊಡೆಗಳೇ ಸಾಕ್ಷಿ. ದುಡಿಸದಿದ್ದರೆ ಎಳೆಗಳ ಪ್ರೋಟೀನು ಕರಗಿ, ಕೆಲವೇ ವಾರಗಳಲ್ಲಿ ನಾರುಗಳು ಸೊರಗುತ್ತವೆ. ವಯಸ್ಸಾದವರಲ್ಲಿ ಅವು ಮತ್ತೆ ತುಂಬಿಕೊಳ್ಳುವುದು ನಿಧಾನ. ಅಮ್ಮಿಯ ಮಾಂಸ ಹೋದದ್ದು ಹೀಗೆ.

ಆಮೇಲೆ ತಪ್ಪು ಮಾಡಿದವರು ನಾವೇ. ಅಮ್ಮಿ ಏಳಲು ಹೊರಟರೆ "ಕುಳಿತಿರಿ, ನಾವಿದ್ದೇವಲ್ಲ" ಎಂದು ನೀರಿನ ಲೋಟವನ್ನೂ ಕೈಗೇ ಕೊಡುತ್ತಿದ್ದೆವು. ವ್ಯಾಯಾಮ ಹೇಳಿಕೊಡಲು ಬಂದ ಫಿಸಿಯೋಥೆರಪಿಸ್ಟ್ ಇದನ್ನು ಕಂಡು, "ನಿಮ್ಮ ಸೇವೆಯೇ ಇವರನ್ನು ಹಾಸಿಗೆ ಹಿಡಿಸುತ್ತದೆ" ಎಂದರು. ಆ ಮಾತು ನನಗೆ ಚುಚ್ಚಿತು. ಅಂದಿನಿಂದ ದಿನಕ್ಕೆ ಮೂರು ಹೊತ್ತು ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ಊಟದಲ್ಲಿ ಮೊಟ್ಟೆ, ಬೇಳೆ, ಹಾಲು. ಈಗ ಅಮ್ಮಿ ಪಕ್ಕದ ಮನೆಯವರೆಗೆ ನಡೆಯುತ್ತಾರೆ. ಮೆಟ್ಟಿಲಲ್ಲಿ ಮಾತ್ರ ಇನ್ನೂ ಗೋಡೆ ಹಿಡಿಯಬೇಕು.

ಸಹೋದರಿಯರೇ, ಮನೆಯ ಹಿರಿಯರು ಒಂದು ಚೊಂಬು ನೀರು ತರಲು ಎದ್ದರೆ ತಡೆಯಬೇಡಿ. ವೈದ್ಯರನ್ನು ಕೇಳಿಕೊಂಡು, ಅವರು ಬೀಳದಂತೆ ಪಕ್ಕದಲ್ಲಿ ನಿಲ್ಲಿ. ನಡೆಯುವುದನ್ನು ಅವರೇ ನಡೆಯಲಿ.